ಬೆಟ್ಟ, ಕೆರೆ, ಸಣ್ಣ ಪೇಟೆ: ಬೆಂಗಳೂರು ಬಿಟ್ಟು ಹೋಗೋರಿಗೆ ಯಾವ ಊರು?

ಅಕ್ಟೋಬರಿನಲ್ಲಿ ಊರು ನೋಡೋಕೆ ಹೋಗಬೇಡಿ. ದಸರಾ ರಜೆಯಲ್ಲಿ ಮಲೆನಾಡಿನ ಯಾವ ಊರಿಗೆ ಹೋದರೂ ಮನಸ್ಸು ಸೋಲುತ್ತದೆ. ಮಳೆ ನಿಂತಿರುತ್ತದೆ, ಕೆರೆ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಸಾಗರ, ಸಕಲೇಶಪುರ, ಸೋಮವಾರಪೇಟೆ ಎಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುವ ತಿಂಗಳು ಅದು. ಊರಿಗೂ ಊರಿಗೂ ಇರೋ ವ್ಯತ್ಯಾಸ ಗೊತ್ತಾಗೋದು ಜುಲೈನಲ್ಲಿ, ಆಮೇಲೆ ಮೇ ತಿಂಗಳಲ್ಲಿ.

ಬೆಂಗಳೂರಿನಲ್ಲಿ ಈ ಮಾತು ಈಗ ಎಲ್ಲ ಮನೆಯಲ್ಲೂ ಬರುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕಾದು ಸುಸ್ತಾದ ಮೇಲಂತೂ ಇನ್ನೂ ಜಾಸ್ತಿ. "ಎಲ್ಲಾದ್ರೂ ಒಂದು ಬೆಟ್ಟ, ಪಕ್ಕದಲ್ಲಿ ಒಂದಿಷ್ಟು ನೀರು, ಸಣ್ಣ ಮನೆ, ಅಷ್ಟು ಸಾಕಪ್ಪ" ಅನ್ನೋರು ನಮ್ಮ ಬೀದಿಯಲ್ಲೇ ಎಷ್ಟೋ ಜನ ಇದ್ದಾರೆ. ಅವರಲ್ಲಿ ಕೆಲವರು ಹೋದರು. ಕೆಲವರು ಹೋಗಿ ವಾಪಸ್ ಬಂದರು. ಬಂದವರು ಯಾರೂ ಬೆಟ್ಟ ಚೆನ್ನಾಗಿರಲಿಲ್ಲ ಅಂತ ಹೇಳಲಿಲ್ಲ. ಆಸ್ಪತ್ರೆ ದೂರ, ಕರೆಂಟ್ ಇಲ್ಲ, ರಸ್ತೆ ಮುಚ್ಚಿತು, ಜಮೀನಿನ ಕಾಗದ ಸರಿ ಇರಲಿಲ್ಲ. ಕಾರಣ ಎಲ್ಲ ಇಂಥವೇ. ಅದಕ್ಕೆ ಈ ಬರಹದಲ್ಲಿ ನೋಟದ ಬಗ್ಗೆ ಕಡಿಮೆ, ಇವುಗಳ ಬಗ್ಗೆ ಜಾಸ್ತಿ ಹೇಳ್ತೀನಿ. ವೀಕೆಂಡ್ ಮನೆ ಹುಡುಕೋರಿಗೆ ಇದು ಅಷ್ಟೇನೂ ಉಪಯೋಗ ಆಗಲಿಕ್ಕಿಲ್ಲ. ವರ್ಷಪೂರ್ತಿ ಅಲ್ಲೇ ಇರ್ತೀವಿ ಅನ್ನೋರಿಗಾಗಿ ಬರೆದಿದ್ದೀನಿ.

ಮೊದಲು ನೆಲಮಂಗಲದ ಲೆಕ್ಕ

ತಿಂಗಳಿಗೆ ಎಷ್ಟು ಸಲ ಬೆಂಗಳೂರಿಗೆ ಬರಲೇಬೇಕು? ಊರು ಆರಿಸೋ ಮೊದಲು ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಆಫೀಸು ವಾರಕ್ಕೆರಡು ದಿನ ಕರೆಯುತ್ತದಾ? ಅಪ್ಪ ಅಮ್ಮ ರಾಜಾಜಿನಗರದಲ್ಲೇ ಉಳೀತಾರಾ? ಮಗಳ ಕಾಲೇಜು ಇಲ್ಲೇನಾ?

ಪಶ್ಚಿಮಕ್ಕೆ ಹೋಗೋ ದೊಡ್ಡ ದಾರಿ ಬಹುಪಾಲು ನೆಲಮಂಗಲದ ಮೇಲೇ. ಅಲ್ಲಿ ಒಂದು ಹಾಸನದ ಕಡೆ ತಿರುಗುತ್ತದೆ, ಇನ್ನೊಂದು ತುಮಕೂರಿನ ಕಡೆ. ಶುಕ್ರವಾರ ಸಂಜೆ ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟೋದರಲ್ಲೇ ಅರ್ಧ ಜೀವ ಹೋಗಿರುತ್ತದೆ. ಗೂಗಲ್ ಮ್ಯಾಪ್ ನಾಲ್ಕೂವರೆ ಗಂಟೆ ಅಂದರೆ ನೀವು ಆರು ಅಂತ ಇಟ್ಟುಕೊಳ್ಳಿ. ಮೈಸೂರು ಕಡೆಯ ಲೆಕ್ಕ ಬೇರೆ. 118 ಕಿಲೋಮೀಟರಿನ ಹೊಸ ಹೆದ್ದಾರಿ 2023ರಲ್ಲಿ ಶುರುವಾದ ಮೇಲೆ ಕೊಡಗಿನ ದಾರಿ ನಿಜಕ್ಕೂ ಹತ್ತಿರವಾಯಿತು. ಚಿಕ್ಕಬಳ್ಳಾಪುರದ ಕಡೆ ಹೋಗೋರಿಗೆ ಹೆಬ್ಬಾಳ ದಾಟೋದೊಂದೇ ತಲೆನೋವು.

ವಾರಕ್ಕೊಮ್ಮೆ ಬರಬೇಕು ಅನ್ನೋರು ಸುಮ್ನೆ ಸಾಗರದ ಕನಸು ಕಾಣಬೇಡಿ. ತಿಂಗಳಿಗೊಮ್ಮೆ ಅನ್ನೋರಿಗೆ ಎಲ್ಲ ಊರೂ ತೆರೆದೇ ಇದೆ, ಅದರಲ್ಲೂ ರೈಲಿದ್ದರೆ.

ಚಿಕ್ಕಬಳ್ಳಾಪುರ: ಬೆಟ್ಟ ಇದೆ, ಕೆರೆಯೂ ಇದೆ. ಆದರೆ ಯಾವ ನೀರು?

ನಂದಿಬೆಟ್ಟ 1,478 ಮೀಟರ್. ಸುತ್ತ ಸ್ಕಂದಗಿರಿ, ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ. ಬೆಂಗಳೂರಿನಿಂದ 60 ಕಿಲೋಮೀಟರ್ ಆಸುಪಾಸು. ಯಲಹಂಕ, ದೇವನಹಳ್ಳಿ ಮೇಲೆ ರೈಲಿದೆ. ದಾರಿಯಲ್ಲಿ ನಂದಿ ಹಾಲ್ಟ್ ಅನ್ನೋ ಕಲ್ಲಿನ ಪುಟ್ಟ ಸ್ಟೇಷನ್ ಸಿಗುತ್ತದೆ, ನೋಡೋಕೇ ಚೆಂದ. ವಿಮಾನ ನಿಲ್ದಾಣ ಹತ್ತಿರ. ದೊಡ್ಡ ಆಸ್ಪತ್ರೆ ಬೇಕಾದರೆ ಹೆಬ್ಬಾಳಕ್ಕೆ ಬರಬಹುದು. ವಾರಕ್ಕೆ ಎರಡು ಸಲ ಆಫೀಸಿಗೆ ಹೋಗಬೇಕಾದವರಿಗೆ ಈ ಪಟ್ಟಿಯಲ್ಲಿ ನಿಜವಾಗಿ ಉಳಿಯೋದು ಇದೊಂದೇ.

ಇದು ಬಯಲುಸೀಮೆ, ಮರೆಯಬೇಡಿ. ಬೋರ್‌ವೆಲ್ ಸಾವಿರ ಅಡಿ ದಾಟಿದ ಹಳ್ಳಿಗಳಿವೆ. ಅಂತರ್ಜಲದಲ್ಲಿ ಫ್ಲೋರೈಡ್ ಇದೆ ಅನ್ನೋದು ಹಳೇ ಸಂಗತಿ. ಅದಕ್ಕೇ ಊರೂರಲ್ಲೂ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿ, 20 ಲೀಟರಿನ ಕ್ಯಾನು ತುಂಬಿಸಿ, ಸ್ಕೂಟರಿನ ಕಾಲಿಡೋ ಜಾಗದಲ್ಲಿ ಇಟ್ಟುಕೊಂಡು ಮನೆಗೆ ತರೋದು ಅಲ್ಲಿನ ದಿನದ ಕೆಲಸ.

ಕೆರೆಗಳ ಕಥೆ ಇನ್ನೊಂದು. ಹೆಬ್ಬಾಳ–ನಾಗವಾರ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಈ ಕಡೆಯ ಕೆರೆಗಳಿಗೆ ಹರಿಸುತ್ತಾರೆ. ಒಣಗಿದ್ದ ಕೆರೆಗಳು ತುಂಬಿವೆ, ಹಕ್ಕಿಗಳು ಬಂದಿವೆ, ಬೋರ್‌ವೆಲ್‌ಗಳಿಗೆ ಜೀವ ಬಂದಿದೆ ಅನ್ನೋರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಆಗದೆ ಈ ನೀರು ಬೇಡ ಅಂತ ಹೋರಾಡೋ ರೈತರೂ ಇದ್ದಾರೆ. ನನ್ನ ಸಲಹೆ ಇಷ್ಟೇ. ಕೆರೆ ನೋಡಿ ಖುಷಿಪಡಿ, ಕೆರೆ ಪಕ್ಕದ ಬಾವಿ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ.

ಇನ್ನೊಂದು, ಜಲ್ಲಿ ಕ್ರಷರ್. ಮನೆ ನೋಡೋ ಮೊದಲು ಸುತ್ತಮುತ್ತ ಕಲ್ಲುಗಣಿ ಇದೆಯಾ ಕೇಳಿ. 2021ರಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಜನ ಸತ್ತದ್ದು ಈ ತಾಲೂಕಿನಲ್ಲೇ. ಮಾಗಡಿ, ಸಾವನದುರ್ಗ, ಮಂಚನಬೆಲೆ ಕಡೆಯನ್ನೂ ಕೆಲವರು ಕೇಳ್ತಾರೆ. ಜಾಗ ಚೆನ್ನಾಗಿದೆ. ಆದರೆ ಬೆಂಗಳೂರು ನಿಮ್ಮ ಹಿಂದೆಯೇ ಬರುತ್ತಿರುತ್ತದೆ, ಅಷ್ಟು ಗೊತ್ತಿರಲಿ.

ಸಕಲೇಶಪುರ, ಚಿಕ್ಕಮಗಳೂರು: ಕಾಫಿ ಸೀಮೆಯ ಎರಡು ಮುಖ

ಇವೆರಡನ್ನೂ ಒಟ್ಟಿಗೆ ನೋಡೋದು ಒಳ್ಳೇದು. ಎರಡೂ ಕಾಫಿ ಊರು, ದೂರದಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಸಕಲೇಶಪುರ 220 ಕಿಲೋಮೀಟರ್ ಹತ್ತಿರ, ಚಿಕ್ಕಮಗಳೂರು 245ರ ಹತ್ತಿರ. ಬದುಕು ಮಾತ್ರ ಪೂರ್ತಿ ಬೇರೆ.

ಸಕಲೇಶಪುರ ತಾಲೂಕು ಪೇಟೆ. ಹೇಮಾವತಿ ಊರೊಳಗೇ ಹರಿಯುತ್ತದೆ. ಮಂಗಳೂರಿಗೆ ಹೋಗೋ ರೈಲು ಇಲ್ಲಿ ನಿಂತು ಘಾಟಿ ಇಳಿಯುತ್ತದೆ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ 40 ಕಿಲೋಮೀಟರಿನಲ್ಲಿದೆ. ಕೇಳೋಕೆ ಎಲ್ಲ ಸರಿಯಾಗೇ ಇದೆ. ಕಷ್ಟ ಎರಡು: ಘಾಟಿ, ಆನೆ.

ಘಾಟಿಯದು ಸುಲಭಕ್ಕೆ ಹೇಳಬಹುದು. ಜೋರು ಮಳೆ ಬಂದರೆ ದೋಣಿಗಾಲ್ ಹತ್ತಿರ ಗುಡ್ಡ ಜಾರುತ್ತದೆ. 2018ರಲ್ಲಿ ಆಯಿತು, 2024ರಲ್ಲೂ ಆಯಿತು. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಹೋಗಿ ರೈಲೂ ನಿಂತಿತು. ನಿಮ್ಮ ಓಡಾಟ ಬೆಂಗಳೂರಿನ ಕಡೆಗಾದರೆ ಇದು ಅಷ್ಟು ತಟ್ಟೋದಿಲ್ಲ. ಊರು ಘಾಟಿಯ ಮೇಲೇ ಇದೆ. ನೆಂಟರು ಮಂಗಳೂರಿನಲ್ಲಿದ್ದರೆ ಮಳೆಗಾಲದಲ್ಲಿ ಅವರನ್ನು ಮರೆತುಬಿಡಿ.

ಆನೆಯದು ಹಾಗಲ್ಲ. ಸಕಲೇಶಪುರ, ಆಲೂರು, ಬೇಲೂರು ತಾಲೂಕುಗಳಲ್ಲಿ ಆನೆಗಳು ಕಾಡಿನಿಂದ ಬಂದು ಹೋಗೋದಲ್ಲ, ಕಾಫಿ ತೋಟದಲ್ಲೇ ಇರುತ್ತವೆ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸತ್ತದ್ದು ಇಲ್ಲೇ, ಯಸಳೂರು ಕಡೆ, ಕಾಡಾನೆ ಹಿಡಿಯೋ ಕೆಲಸದಲ್ಲಿ. ಬೆಳಗ್ಗೆ ಎದ್ದ ಕೂಡಲೇ ಅಲ್ಲಿನವರು ಮೊಬೈಲ್ ನೋಡ್ತಾರೆ. ಅರಣ್ಯ ಇಲಾಖೆಯ ಸಂದೇಶ ಬಂದಿರುತ್ತದೆ: ಇಂಥ ಎಸ್ಟೇಟಿನಲ್ಲಿ ಇಷ್ಟು ಆನೆ, ಇಂಥ ರಸ್ತೆಯಲ್ಲಿ ಹುಷಾರು. ಅದನ್ನು ನೋಡಿದ ಮೇಲೇ ಮಕ್ಕಳು ಸ್ಕೂಲ್ ಬಸ್ಸಿಗೆ, ಕೆಲಸದವರು ತೋಟಕ್ಕೆ. ಸಂಜೆ ಆರರ ಮೇಲೆ ಹಾಲು ತರೋಕೂ ನಡೆದು ಹೋಗೋದಿಲ್ಲ. ಸಂಜೆ ವಾಕಿಂಗ್ ಹೋಗೋ ಆಸೆಯಿಂದಲೇ ಬೆಂಗಳೂರು ಬಿಡೋರು ಇದನ್ನು ಚೆನ್ನಾಗಿ ಯೋಚಿಸಬೇಕು. ಪೇಟೆಯೊಳಗೆ ಮನೆ ಮಾಡಿದರೆ ಈ ಕಷ್ಟ ತುಂಬ ಕಡಿಮೆ. ತೋಟದ ನಡುವಿನ ಮನೆಯನ್ನು ಹೊಸಬರಿಗೆ ನಾನು ಹೇಳೋದಿಲ್ಲ.

ಚಿಕ್ಕಮಗಳೂರು ಜಿಲ್ಲಾ ಕೇಂದ್ರ. ಕಾಲೇಜು, ಅಂಗಡಿ, ಬ್ಯಾಂಕು, ಈಚೆಗೆ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು, ಎಲ್ಲ ಊರಲ್ಲೇ ಇದೆ. ಹಿಂದೆ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಪಕ್ಕದಲ್ಲಿ ಹಿರೇಕೊಳಲೆ ಕೆರೆ. ಮಳೆಯೂ ಊರೊಳಗೆ ಸಹಿಸುವಷ್ಟೇ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಹೋದಂತೆ ಜಾಸ್ತಿಯಾಗುತ್ತದೆ.

ಸೋಮವಾರದಿಂದ ಗುರುವಾರದವರೆಗೆ ಇದರಂಥ ಊರಿಲ್ಲ. ಶನಿವಾರ ಬೆಂಗಳೂರೇ ಅಲ್ಲಿಗೆ ಬಂದಿರುತ್ತದೆ. ಗಿರಿಗೆ ಹೋಗೋ ವಾಹನಗಳಿಗೆ ಜಿಲ್ಲಾಡಳಿತ ಮಿತಿ ಹಾಕೋ ಮಟ್ಟಕ್ಕೆ ಹೋಯಿತು, ನೋಡಿ. ನೀವು ಬಿಟ್ಟು ಬಂದ ಹಾರ್ನ್ ಸದ್ದು ವಾರಕ್ಕೆರಡು ದಿನ ಮನೆ ಮುಂದೆ ಕೇಳಿಸುತ್ತದೆ. ಪರವಾಗಿಲ್ಲ ಅನ್ನೋರಿಗೆ, ಅದರಲ್ಲೂ ಓದೋ ಮಕ್ಕಳಿರುವ ಮನೆಗೆ, ಇದು ಸುರಕ್ಷಿತ ಆಯ್ಕೆ.

ಇಲ್ಲಿ ಯಾರೂ ಹೆಸರೆತ್ತದ ಒಂದು ಜಾಗ ಇದೆ. ಕಡೂರಿಗೆ ಹೋಗೋ ದಾರಿಯಲ್ಲಿ ಸಖರಾಯಪಟ್ಟಣ. ಅದರ ಹತ್ತಿರವೇ ಅಯ್ಯನಕೆರೆ, ಹಿಂದೆ ಶಕುನಗಿರಿ. ಇದು ಅರೆಮಲೆನಾಡು. ಉಂಬಳ ಇಲ್ಲ, ತಿಂಗಳುಗಟ್ಟಲೆ ಜಡಿಮಳೆ ಇಲ್ಲ, ಕೆರೆ ಮಾತ್ರ ಕಣ್ಣು ತುಂಬುವಷ್ಟು. ಕಡೂರು, ಬೀರೂರು ಎರಡೂ ಹುಬ್ಬಳ್ಳಿ ಮುಖ್ಯ ಲೈನಿನಲ್ಲಿವೆ, ಬೆಂಗಳೂರಿಗೆ ರೈಲಿಗೆ ಬರವಿಲ್ಲ. ಬೇಸಿಗೆ ಬಿಸಿಯೇ, ಒಪ್ತೀನಿ. ಕಾಫಿ ತೋಟದ ಮಂಜು ಬೇಕು ಅನ್ನೋರಿಗೆ ಇದು ಹಿಡಿಸೋದಿಲ್ಲ. ರೈಲು, ಕೆರೆ, ಬೆಟ್ಟ ಮೂರೂ ಕಡಿಮೆ ತಾಪತ್ರಯದಲ್ಲಿ ಬೇಕು ಅನ್ನೋರು ಒಮ್ಮೆ ನೋಡಿ ಬನ್ನಿ.

ಕೊಡಗು: ವಯಸ್ಸಾದವರಿದ್ದರೆ ಕುಶಾಲನಗರ

ಎಲ್ಲರೂ ಮಡಿಕೇರಿ ಅಂತಲೇ ಶುರು ಮಾಡ್ತಾರೆ. ಊರು ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಚಳಿ, ಮಂಜು, ಏರು ತಗ್ಗಿನ ರಸ್ತೆ. ಮೊಣಕಾಲು ನೋವಿರುವ ಅಮ್ಮ ತರಕಾರಿ ತರೋಕೆ ಹೋದರೆ ಬರುವಾಗ ಆಟೊ ಹತ್ತಲೇಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದ್ದು ಅಲ್ಲಿನವರು ಇನ್ನೂ ಮರೆತಿಲ್ಲ. ಇಳಿಜಾರು ಕಡಿದು ಕಟ್ಟಿದ ಮನೆ ಎಷ್ಟೇ ಚೆನ್ನಾಗಿರಲಿ, ಹಿಂದಿನ ಮಣ್ಣಿನ ಗೋಡೆಯನ್ನೊಮ್ಮೆ ನೋಡದೆ ಒಪ್ಪಬೇಡಿ. ಜಿಲ್ಲೆಯಲ್ಲಿ ರೈಲಿಲ್ಲ. ಮೈಸೂರಿಗೇ ಬರಬೇಕು.

ಅಲ್ಲಿಂದ 30 ಕಿಲೋಮೀಟರ್ ಕೆಳಗೆ ಬಂದರೆ ಕುಶಾಲನಗರ. ನೆಲ ಸಮತಟ್ಟು. ಮಳೆ ಮಡಿಕೇರಿಯ ಅರ್ಧವೂ ಇಲ್ಲ. ಕಾವೇರಿ ಪಕ್ಕದಲ್ಲೇ, ಹಾರಂಗಿ ಜಲಾಶಯ ಹತ್ತಿರ, ಹೊಳೆ ದಾಟಿದರೆ ಬೈಲುಕುಪ್ಪೆಯ ಟಿಬೆಟಿಯನ್ ನೆಲೆ. ಮೈಸೂರಿನ ಆಸ್ಪತ್ರೆಗಳಿಗೆ 90 ಕಿಲೋಮೀಟರ್ ಒಳಗೆ, ಘಾಟಿ ಇಲ್ಲದ ರಸ್ತೆ. ನಿವೃತ್ತರಾದ ದಂಪತಿ ನನ್ನನ್ನು ಕೇಳಿದರೆ ಎರಡನೇ ಮಾತಿಲ್ಲದೆ ಈ ಊರು ಹೇಳ್ತೀನಿ. ಬೆಟ್ಟ ನೋಡಬೇಕು ಅನ್ನಿಸಿದ ದಿನ ಬಸ್ಸು ಹತ್ತಿದರೆ ಆಯಿತು.

ಒಂದೇ ಎಚ್ಚರ. 2018, 2019ರ ಮಳೆಯಲ್ಲಿ ಹೊಳೆ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಮನೆ ನೋಡುವಾಗ ಓನರನ್ನು ಕೇಳಬೇಡಿ. ಆಚೆ ಮನೆಯವರನ್ನು ಕೇಳಿ, "ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು?" ಅಂತ. ಗೋಡೆ ಮೇಲೆ ಕೈ ಇಟ್ಟು ತೋರಿಸ್ತಾರೆ.

ಸಾಗರ: ದೂರ, ಆದರೂ ನನ್ನ ಮೊದಲ ಆಯ್ಕೆ

350 ಕಿಲೋಮೀಟರ್ ದಾಟುತ್ತದೆ. ಆದರೆ ತಾಳಗುಪ್ಪದ ರಾತ್ರಿ ರೈಲು ಇದೆ. ಬೆಂಗಳೂರಿನಲ್ಲಿ ಊಟ ಮಾಡಿ ಹತ್ತಿದರೆ ಬೆಳಗಿನ ತಿಂಡಿ ಹೊತ್ತಿಗೆ ಸಾಗರ ಜಂಬಗಾರು ಸ್ಟೇಷನ್. ನೆಲಮಂಗಲದ ಗೊಡವೆಯೇ ಇಲ್ಲ. ದೂರದ ಊರು ಹತ್ತಿರದ ಊರಿಗಿಂತ ಸುಲಭ ಅನ್ನಿಸೋದು ಈ ಒಂದು ರೈಲಿನಿಂದ.

ಊರ ನಡುವೆ ಗಣಪತಿ ಕೆರೆ. ಕೆಳದಿ, ಇಕ್ಕೇರಿ, ವರದಹಳ್ಳಿ ಎಲ್ಲ ಸಂಜೆ ಹೋಗಿ ಬರುವಷ್ಟು ಹತ್ತಿರ. ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಅನ್ನೋ ನಾಟಕ ಸಂಸ್ಥೆ ಇದೆ. ಬೆಂಗಳೂರು ಬಿಟ್ಟವರಿಗೆ ಆರು ತಿಂಗಳ ಮೇಲೆ ಕಾಡೋ ಬೇಸರ ಇದೆಯಲ್ಲ, ಮಾತಾಡೋಕೆ ಜನ ಇಲ್ಲ, ನೋಡೋಕೆ ನಾಟಕ ಇಲ್ಲ ಅಂತ, ಅದು ಇಲ್ಲಿ ಕಡಿಮೆ. ಅಡಿಕೆ ಮಂಡಿಯವರು, ಮೇಷ್ಟ್ರುಗಳು, ಯಕ್ಷಗಾನದ ಹುಚ್ಚಿನವರು, ಪುಸ್ತಕ ಓದೋರು ಒಂದೇ ಹೋಟೆಲಿನಲ್ಲಿ ಕೂತು ಜಗಳ ಆಡೋ ಊರು.

ಇನ್ನು ಜುಲೈ ಮಾತು. ಮಳೆ ಶುರುವಾದರೆ ವಾರಗಟ್ಟಲೆ ಸೂರ್ಯ ಕಾಣೋದಿಲ್ಲ. ಹಳೇ ಮನೆಗಳಲ್ಲಿ ಬಚ್ಚಲ ಹಂಡೆ ಒಲೆಯ ಮೇಲೆ ಬಿದಿರ ಗಳ ಕಟ್ಟಿರುತ್ತಾರೆ. ಮಕ್ಕಳ ಯೂನಿಫಾರಂ, ಟವೆಲು, ಒಳ ಉಡುಪು ಎಲ್ಲ ಅದರ ಮೇಲೆ. ಬಟ್ಟೆ ಒಣಗುತ್ತದೆ, ಹೊಗೆ ವಾಸನೆ ಉಳಿಯುತ್ತದೆ. ಬೀರು ತೆಗೆದರೆ ಚರ್ಮದ ಬೆಲ್ಟಿಗೆ ಬಿಳಿ ಬೂಸಲು. ಉಪ್ಪಿನ ಭರಣಿಯಲ್ಲಿ ನೀರು. ಬೆಂಕಿಪೊಟ್ಟಣ ಒಲೆಯ ಪಕ್ಕದಲ್ಲೇ ಇಡದಿದ್ದರೆ ಹತ್ತೋದಿಲ್ಲ. ಜಗಲಿಗೆ ಎರಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿರುತ್ತಾರೆ, ಅದರಿಂದ ಮನೆಯೊಳಗೆ ಹಗಲಲ್ಲೂ ಲೈಟ್ ಬೇಕು. ಲೈಟ್ ಇರೋದಿಲ್ಲ. ಎಲ್ಲೋ ಮರ ಬಿದ್ದಿರುತ್ತದೆ. ಮೆಸ್ಕಾಂ ಲೈನ್‌ಮ್ಯಾನ್ ಆ ಮಳೆಯಲ್ಲೇ ಕಂಬ ಹತ್ತಿರ್ತಾರೆ, ಅವರನ್ನು ಬೈಯೋಕೂ ಮನಸ್ಸಾಗೋದಿಲ್ಲ. ಪೇಟೆಯೊಳಗೆ ಕರೆಂಟ್ ಅದೇ ದಿನ ಬರಬಹುದು. ಹಳ್ಳಿಯ ಒಂಟಿ ಮನೆಗೆ ಎರಡು ಮೂರು ದಿನ ಆಗೋದೂ ಇದೆ. ಸೋಲಾರ್ ಹಾಕ್ಕೊಂಡು ಬಿಡ್ತೀನಿ ಅನ್ನೋರಿಗೆ ಒಂದು ಮಾತು, ಅದು ಚಾರ್ಜ್ ಆಗೋಕೆ ಬಿಸಿಲೇ ಬೇಕಲ್ವಾ?

ವಿಜಯನಗರದ ಒಬ್ಬ ಗೆಳೆಯ ಹೆಂಡತಿ ಜೊತೆ ಸಾಗರದಲ್ಲಿ ಬಾಡಿಗೆ ಮನೆ ನೋಡೋಕೆ ಹೋಗಿದ್ದ. ಫೆಬ್ರವರಿ ತಿಂಗಳು. ಮನೆ ಹಿಡಿಸಿತು, ಅಲ್ಲೇ ಅಡ್ವಾನ್ಸ್ ತೆಗೆದ. ಮನೆಯ ಹಿರಿಯರು ಕೈ ಅಡ್ಡ ಹಿಡಿದರು.

"ಈಗ್ಲೇ ಬೇಡ ಮಾರಾಯ್ರೆ. ಮೂರು ತಿಂಗಳ ಬಾಡಿಗೆ ಕೊಟ್ಟು ಮಳೆಗಾಲದಲ್ಲಿ ಇದ್ದು ನೋಡಿ. ಆಷಾಢ ಕಳೆದ ಮೇಲೂ ಬೇಕು ಅನ್ಸಿದ್ರೆ ಅಡ್ವಾನ್ಸ್ ಮಾತಾಡೋಣ."

"ಅಲ್ಲಿವರೆಗೆ ಬೇರೆಯವರು ಬಂದ್ರೆ?"

"ಮಳೆಗಾಲದಲ್ಲಿ ಯಾರು ಬರ್ತಾರೆ?"

ಗೆಳೆಯ, ಅವನ ಹೆಂಡತಿ ಇಬ್ಬರೂ ಉಳಿದರು. ಈಗಲೂ ಅಲ್ಲೇ ಇದ್ದಾರೆ.

ಕಷ್ಟಗಳನ್ನೂ ಹೇಳಲೇಬೇಕು. ಹೃದಯ, ನರ ಅಂತ ಕಾಯಂ ಚಿಕಿತ್ಸೆ ಇರೋರಿಗೆ ಈ ಊರು ಬೇಡ. ತಾಲೂಕು ಆಸ್ಪತ್ರೆ ಇದೆ, ಆದರೆ ದೊಡ್ಡದಕ್ಕೆಲ್ಲ ಶಿವಮೊಗ್ಗವೇ, 70 ಕಿಲೋಮೀಟರ್ ಮೇಲೆ. ಇನ್ನೊಂದು ಮಂಗನ ಕಾಯಿಲೆ. ಇದು ಮೊದಲು ಗೊತ್ತಾದದ್ದೇ ಈ ಸೀಮೆಯಲ್ಲಿ, 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಸುತ್ತ ಜೀವ ತೆಗೆಯಿತು. ಉಣ್ಣಿ ಹುಳ ಕಚ್ಚಿ ಹರಡೋ ಕಾಯಿಲೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಕೈ ಕಾಲಿಗೆ ಹಚ್ಚಿಕೊಂಡೇ ಅಲ್ಲಿನವರು ದರಕು (ಒಣ ಎಲೆ) ಗುಡಿಸೋಕೆ ಕಾಡಿಗೆ ಹೋಗ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಇಲಾಖೆಗೆ ಹೇಳಿ. ಪೇಟೆಯಲ್ಲಿ ಇರೋರಿಗೆ ಇದರ ಭಯ ಕಡಿಮೆ. ಕಾಡಂಚಿನ ಮನೆ ಬೇಕು, ಬೆಳಗ್ಗೆ ಬರಿಗಾಲಲ್ಲಿ ಓಡಾಡಬೇಕು ಅನ್ನೋರು ತಿಳಿದುಕೊಂಡಿರಬೇಕು.

ತೀರ್ಥಹಳ್ಳಿಯೂ ಇದೇ ಥರದ ಊರು. ತುಂಗೆ ಇದೆ, ಕುಪ್ಪಳಿ ಇದೆ, ಶಿವಮೊಗ್ಗವೂ ಸ್ವಲ್ಪ ಹತ್ತಿರ. ರೈಲಿಲ್ಲ. ಆಗುಂಬೆ ಕಡೆ ಸರಿದಂತೆ ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ. ಬೆಂಗಳೂರಿನದು 1,000 ಕೂಡ ಇಲ್ಲ, ಅಳತೆ ನೀವೇ ಮಾಡಿ.

ನೀರಿಗೆ ಎಷ್ಟು ಹತ್ತಿರ?

ಹಿನ್ನೀರು ಬೇರೆ, ಕೆರೆ ಬೇರೆ. ಜಾಗ ತೋರಿಸೋರು ಎರಡಕ್ಕೂ "ಲೇಕ್ ವ್ಯೂ" ಅಂತಾರೆ.

ಸಾಗರ ಕಡೆಯ ಲಿಂಗನಮಕ್ಕಿ, ಶರಾವತಿಗೆ 1964ರಲ್ಲಿ ಕಟ್ಟಿದ ಅಣೆಕಟ್ಟು. ಪೂರ್ಣ ಮಟ್ಟ 1,819 ಅಡಿ. ನೀರು ಇರೋದು ಕರೆಂಟಿಗೆ. ತಯಾರಿಕೆ ನಡೆದಂತೆ ನೀರು ಇಳಿಯುತ್ತದೆ. ಅಕ್ಟೋಬರಿನಲ್ಲಿ ಅಂಗಳಕ್ಕೆ ತಾಗಿದಂತಿದ್ದ ನೀರು ಮೇ ಹೊತ್ತಿಗೆ ಎಲ್ಲೋ ದೂರಕ್ಕೆ ಸರಿದಿರುತ್ತದೆ. ನಡುವೆ ಒಡೆದ ಕೆಸರು, ಕಪ್ಪು ಬೊಡ್ಡೆಗಳು. ಕೆಲವು ಬೇಸಿಗೆಯಲ್ಲಿ ಇದಕ್ಕೂ ಹಳೇದಾದ ಹಿರೇಭಾಸ್ಕರ ಅಣೆಕಟ್ಟೇ ನೀರಿನಿಂದ ಮೇಲೆ ಏಳುತ್ತದೆ. ಅದು ನೋಡೋಕೆ ಅದ್ಭುತ. ಆದರೆ ನೀವು ದುಡ್ಡು ಕೊಟ್ಟದ್ದು ನೀರಿಗಾಗಿ ಅಲ್ವಾ? ಹೇಮಾವತಿ, ಹಾರಂಗಿ ಹಿನ್ನೀರಿಗೂ ಇದೇ ಮಾತು, ಅಲ್ಲಿ ನೀರು ಬಿಡೋದು ಕಾಲುವೆಗೆ.

ಶರಾವತಿ ಆಚೆಯ ತುಮರಿ ಕಡೆ ಮೊದಲು ಲಾಂಚ್ ಬಿಟ್ಟರೆ ಗತಿ ಇರಲಿಲ್ಲ. ರಾತ್ರಿ ಹೊತ್ತು ಕಾಯಿಲೆ ಬಿದ್ದರೆ ದೇವರೇ ಗತಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸಿಗಂದೂರು ಸೇತುವೆ ಆಯಿತು, ಸುಮಾರು ಎರಡೂವರೆ ಕಿಲೋಮೀಟರ್. ಈಗ ಆ ಕಡೆಯೂ ಇರಬಹುದು ಅಂತ ಬೆಂಗಳೂರಿನವರು ಕೇಳೋಕೆ ಶುರು ಮಾಡಿದ್ದಾರೆ. ಇರಬಹುದು. ಆದರೆ ಅಲ್ಲಿ ಜಾಗ ಕೊಳ್ಳೋ ಮೊದಲು ಮುಂದಿನ ಭಾಗ ಓದಿ.

ಜಾಗದ ಕಾಗದ

ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದನ್ನು ತಡೀತಿದ್ದ 79ಎ, 79ಬಿ ಕಲಂಗಳ ತೊಡಕು ಹೋಯಿತು. ಅಷ್ಟಕ್ಕೇ ಬ್ರೋಕರ್‌ಗಳು "ಈಗ ಎಲ್ಲ ಫ್ರೀ ಸಾರ್" ಅಂತಾರೆ. ಕೊಳ್ಳೋದು ಬೇರೆ, ಅಲ್ಲಿ ಮನೆ ಕಟ್ಟೋದು ಬೇರೆ. ರೆಸಾರ್ಟ್, ಲೇಔಟ್ ಅಂದರೆ ಭೂಪರಿವರ್ತನೆ ಬೇಕೇ ಬೇಕು. ಪರಿವರ್ತನೆ ಆಗಿಬಿಡುತ್ತೆ ಅನ್ನೋ ಮಾತಿಗೆ ಬೆಲೆ ಇಲ್ಲ, ಆದೇಶದ ಪ್ರತಿ ಕೇಳಿ.

ಮಲೆನಾಡಿನ ತೊಡಕುಗಳು ಬಯಲುಸೀಮೆಯವರಿಗೆ ಗೊತ್ತಿರೋದಿಲ್ಲ. ಸಾಗರದಲ್ಲಿ ತೋಟದ ಜೊತೆ ಸೊಪ್ಪಿನ ಬೆಟ್ಟ ತೋರಿಸಿ "ಇದೂ ನಮ್ಮದೇ" ಅಂತಾರೆ. ಸೊಪ್ಪು ಕಡಿಯೋ ಹಕ್ಕು ಅವರದು, ನೆಲ ಸರ್ಕಾರದ್ದು. ಅದರಲ್ಲಿ ಕಾಟೇಜು ಕಟ್ಟೋಕೆ ಆಗೋದಿಲ್ಲ. ಶರಾವತಿ ಮುಳುಗಡೆಯಲ್ಲಿ ಎದ್ದು ಬಂದ ಎಷ್ಟೋ ಕುಟುಂಬಗಳಿಗೆ ಆರು ದಶಕ ಆದರೂ ಹಕ್ಕುಪತ್ರ ಸರಿಯಾಗಿಲ್ಲ. ಅಂಥವರ ಜಮೀನನ್ನು ಬರೀ ಒಪ್ಪಂದ ಪತ್ರದ ಮೇಲೆ ಕೊಳ್ಳೋದು ಅವರಿಗೂ ಅನ್ಯಾಯ, ನಿಮಗೂ ಅಪಾಯ. ಕೊಡಗಿನಲ್ಲಿ ಜಮ್ಮಾ, ಬಾಣೆ ಅಂತ ಹಳೇ ಕಾಲದ ಹಿಡುವಳಿಗಳ ಬೇರೆಯದೇ ಲೆಕ್ಕ. ಅಲ್ಲಿನ ವಕೀಲರನ್ನೇ ಹಿಡಿಯಿರಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಎಷ್ಟು ವರ್ಷ ಆದ ಮೇಲೂ ವಾಪಸ್ ಕೇಳಬಹುದು, 2023ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿದೆ. ನ್ಯಾಯವಾದದ್ದೇ. ಕೊಳ್ಳೋ ಮೊದಲು ಮೂಲ ಮಂಜೂರಾತಿ ತೆಗೆಸಿ ನೋಡೋ ಜವಾಬ್ದಾರಿ ನಿಮ್ಮದು.

ಪಹಣಿ, ಮ್ಯುಟೇಷನ್, ಇಸಿ (ಋಣಭಾರ ಪತ್ರ), 11ಇ ಸರ್ವೆ ನಕ್ಷೆ ಅಂತೂ ಎಲ್ಲರೂ ಹೇಳ್ತಾರೆ. ಸರ್ಕಾರದ ದಿಶಾಂಕ್ ಆ್ಯಪ್ ಹಾಕ್ಕೊಂಡು ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಿ, ಬ್ರೋಕರ್ ತೋರಿಸಿದ್ದು ಅದೇನಾ ಅಂತ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2024ರಲ್ಲಿ ಆರನೇ ಸಲ ಹೊರಬಂತು. ರಾಜ್ಯ ಒಪ್ಪಿಲ್ಲ. ನೀವು ನೋಡ್ತಿರೋ ಹಳ್ಳಿ ಆ ಪಟ್ಟಿಯಲ್ಲಿದೆಯಾ ಅಂತ ತಿಳಿದಿರಲಿ. ಸಾಗರ ತಾಲೂಕಿನಲ್ಲಾದರೆ ಸಿಂಗಳೀಕ ಅಭಯಾರಣ್ಯದ ಗಡಿಯನ್ನೂ ವಿಚಾರಿಸಿ.

ಅಡಿಕೆ ತೋಟ ಕೊಂಡು ಆರಾಮಾಗಿರ್ತೀನಿ ಅನ್ನೋರಿಗೆ: ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಒಮ್ಮೆ ಅಲ್ಲ. ಮರ ಹತ್ತೋಕೆ ಕೊನೆಗೌಡ ಸಿಗಬೇಕು. ಸಿಗೋದಿಲ್ಲ. ಈಗ ಎಲೆಚುಕ್ಕೆ ರೋಗ ಬೇರೆ. ಮೊದಲೆರಡು ವರ್ಷ ತೋಟದ ಆಸೆ ಬಿಡಿ.

ಬಾಡಿಗೆ ಮನೆ ಹುಡುಕುವಾಗ

ಮೇಲಿನದ್ದೆಲ್ಲ ಓದಿದ ಮೇಲೆ ನನ್ನ ಮಾತು ಊಹಿಸಿರ್ತೀರಿ. ಯಾವ ಊರೇ ಆಗಲಿ, ಪೇಟೆಯೊಳಗೆ ಬಾಡಿಗೆಗೆ ಇರಿ. ಕೆರೆಗೆ ನಡೆದು ಹೋಗೋ ದೂರ ಸಾಕು, ಕೆರೆ ದಂಡೆ ಬೇಡ. ಬೆಂಗಳೂರಿನ ಮನೆಯನ್ನು ಒಂದು ಮಳೆಗಾಲ ಮುಗಿಯೋವರೆಗೆ ಪೂರ್ತಿ ಬಿಡಬೇಡಿ. ಎರಡು ಬಾಡಿಗೆ ಭಾರ ಅಂದರೆ ಸಾಮಾನು ನೆಂಟರ ಮನೆಯಲ್ಲಿಡಿ.

ಸಣ್ಣ ಊರಿನ ಮನೆಗಳು ಆ್ಯಪಿನಲ್ಲಿ ಸಿಗೋದಿಲ್ಲ. ದಿನಸಿ ಅಂಗಡಿ, ಹಾಲಿನ ಸೊಸೈಟಿ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲು, ಅಲ್ಲಿ ವಿಚಾರಿಸಿ. "ನೀವು ಯಾವ ಜನ?" ಅಂತ ನೇರವಾಗಿ ಕೇಳ್ತಾರೆ, ಮನೆಯಲ್ಲಿ ಮೀನು ಮಾಂಸ ಮಾಡ್ತೀರಾ ಅಂತಾನೂ. ಬೆಂಗಳೂರಿನಲ್ಲಿ ಇದನ್ನೇ ಸುತ್ತಿ ಬಳಸಿ ಕೇಳ್ತಾರೆ ಅಷ್ಟೇ. ಕೋಪ ಬರುತ್ತದೆ, ಬರಬೇಕಾದದ್ದೇ. ಈ ಪ್ರಶ್ನೆ ಕೇಳದ ಓನರ್ ಸಿಗೋವರೆಗೆ ಹುಡುಕೋಕೆ ಸಮಯ ಇಟ್ಟುಕೊಳ್ಳಿ. ಸಿಗ್ತಾರೆ.

ಮನೆಯಿಂದಲೇ ಆಫೀಸ್ ಕೆಲಸ ಮಾಡೋರು ಮನೆ ಒಳಗೆ, ಹಿಂದಿನ ಕೋಣೆಯಲ್ಲಿ, ಫೋನ್ ಸಿಗ್ನಲ್ ನೋಡಿ. ಕರೆಂಟ್ ಹೋಗಿ ಕೆಲವು ಗಂಟೆ ಆದ ಮೇಲೆ ಟವರೂ ಸಾಯುತ್ತದೆ. ಫೈಬರ್ ಕನೆಕ್ಷನ್ ಕೊಡೋ ಕೇಬಲ್‌ನವರ ಹತ್ತಿರ ಜನರೇಟರ್ ಇದೆಯಾ ಅಂತ ಕೇಳಿ. ಹೌದು ಅಂದರೆ ಅವರ ಆಫೀಸಿಗೇ ಹೋಗಿ ನೋಡಿ ಬನ್ನಿ.

ಮನೆ ಗೊತ್ತಾದ ದಿನವೇ ಎರಡು ನಂಬರ್ ಬರೆದುಕೊಳ್ಳಿ. ಒಂದು ಲೈನ್‌ಮ್ಯಾನ್‌ದು, ಇನ್ನೊಂದು ನಲ್ಲಿಗೆ ನೀರು ಬಿಡೋರದು. ಹಳ್ಳಿಯಲ್ಲಾದರೆ ನೀರುಗಂಟಿ ಅಂತ ಕೇಳಿ. ಹಬ್ಬದ ದಿನ ಅವರಿಬ್ಬರ ಮನೆಗೂ ಸಿಹಿ ಕಳಿಸಿ.